ಸಿಸ್-ಯುಎಸ್‌ಬಿ ಏಳದಿದ್ದರೆ ಮೊದಲು ಲಾಗ್ ಓದಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ತಂತ್ರಜ್ಞಾನ ಪುಟದ ಪ್ರಶ್ನೋತ್ತರದಲ್ಲಿ ಕ್ಯೂಬ್ಸ್ ಓಎಸ್ (ಬೇರೆಬೇರೆ ಕೆಲಸಗಳನ್ನು 'ಕ್ಯೂಬ್' ಎಂಬ ಪ್ರತ್ಯೇಕ ವರ್ಚುವಲ್ ಯಂತ್ರಗಳಲ್ಲಿ ಇಟ್ಟು ಭದ್ರತೆ ಕಾಯುವ ಕಾರ್ಯಾಚರಣ ವ್ಯವಸ್ಥೆ) ಬಳಸುವ ಓದುಗರೊಬ್ಬರಿಗೆ ಕೊಟ್ಟ ಉತ್ತರ ಅರ್ಧಕ್ಕೇ ನಿಂತಿದೆ. ಯುಎಸ್‌ಬಿ ಪೋರ್ಟುಗಳನ್ನು ನಡೆಸುವ ಕಂಟ್ರೋಲರ್ ಒಪ್ಪಿಸಿದ ಮೇಲೆ ಸಿಸ್-ಯುಎಸ್‌ಬಿ (ಯುಎಸ್‌ಬಿ ಸಾಧನಗಳನ್ನು ನೋಡಿಕೊಳ್ಳುವ ಕ್ಯೂಬ್) ಏಳುತ್ತಲೇ ಇಲ್ಲ ಎಂಬುದು ಅವರ ದೂರು. 'ಸ್ಟ್ರಿಕ್ಟ್ ರೀಸೆಟ್ ತೆಗೆಯಿರಿ, ಪರ್ಮಿಸಿವ್ ಹಾಕಿ, ಆಗಲೂ ಆಗದಿದ್ದರೆ ಸಿಸ್-ಯುಎಸ್‌ಬಿಯನ್ನೇ ಅಳಿಸಿ' ಎಂದು ಮೂರು ಸಾಲಿನಲ್ಲಿ ಅದನ್ನು ಮುಗಿಸಲಾಗಿದೆ. ಮೊದಲ ಸಲಹೆ ಕೆಲವು ಯಂತ್ರಗಳಿಗೆ ಸರಿ, ಎರಡನೆಯದು ಅಪರೂಪಕ್ಕೆ ಬೇಕಾಗುವಂಥದ್ದು. ಮೂರನೆಯದನ್ನು ಪಾಲಿಸಿದರೆ ಕ್ಯೂಬ್ಸ್ ಹಾಕಿಕೊಂಡ ಉದ್ದೇಶವೇ ಹೋಯಿತು. ವಕೀಲರು, ವರದಿಗಾರರು, ಲೆಕ್ಕಪರಿಶೋಧಕರು ಈ ವ್ಯವಸ್ಥೆಯನ್ನು ಬಳಸುವುದುಂಟು. ಆ ಉತ್ತರವನ್ನು ಕತ್ತರಿಸಿ ಇಟ್ಟುಕೊಂಡವರಿಗಾಗಿ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಆದೇಶಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಹೊಡೆಯಬೇಕು. ವಿವರಗಳು 4.2ನೇ ಆವೃತ್ತಿಗೆ ಹೊಂದುವಂಥವು.

ಕ್ಯೂಬ್ಸ್ ನಿಂತಿರುವುದು ಝೆನ್ ಹೈಪರ್‌ವೈಸರ್ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು ಓಡಿಸುವ ತಂತ್ರಾಂಶ) ಮೇಲೆ. ಪರದೆ, ಕೀಲಿಮಣೆ, ಎಲ್ಲ ಕ್ಯೂಬ್‌ಗಳ ಆಡಳಿತ ಡಾಮ್‌ಜೀರೋ ಎಂಬ ಮುಖ್ಯ ಕ್ಯೂಬ್ ಕೈಯಲ್ಲಿ. ಅದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ಆದ್ದರಿಂದ ಹೊರಗಿನ ಸಾಧನಗಳನ್ನು ಅದರಿಂದ ದೂರ ಇಡಬೇಕು. ಪೆನ್‌ಡ್ರೈವ್ ತನ್ನನ್ನು ಕೀಲಿಮಣೆ ಎಂದು ಹೇಳಿಕೊಂಡು ತಾನೇ ಟೈಪ್ ಮಾಡಬಲ್ಲದು ಎಂಬುದನ್ನು ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ 2014ರ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ 'ಬ್ಯಾಡ್‌ಯುಎಸ್‌ಬಿ' ಹೆಸರಿನಲ್ಲಿ ತೋರಿಸಿದ್ದರು. ಸಿಸ್-ಯುಎಸ್‌ಬಿ ಇರುವುದು ಅಂಥದ್ದನ್ನು ತಡೆಯಲಿಕ್ಕೆ. ಇಡೀ ಯುಎಸ್‌ಬಿ ಕಂಟ್ರೋಲರನ್ನು ಪಿಸಿಐ ಸಾಧನವಾಗಿ (ಯಂತ್ರದೊಳಗಿನ ಪಿಸಿಐ ಬಸ್ಸಿಗೆ ಜೋಡಿಸಿದ ಸಾಧನ) ಆ ಕ್ಯೂಬ್‌ಗೆ ಕೊಟ್ಟುಬಿಡಲಾಗುತ್ತದೆ. ಹೀಗೆ ಹೋಗುವುದು ಒಂದು ಪೋರ್ಟ್ ಅಲ್ಲ, ಒಂದು ಪೆನ್‌ಡ್ರೈವ್ ಅಲ್ಲ, ಕಂಟ್ರೋಲರ್ ಪೂರ್ತಿ. ಅದಕ್ಕೆ ತಗುಲಿಕೊಂಡಿರುವ ವೆಬ್‌ಕ್ಯಾಮ್, ಬ್ಲೂಟೂತ್, ಬೆರಳಚ್ಚು ಓದುವ ಸಾಧನ ಎಲ್ಲವೂ ಜೊತೆಯಲ್ಲೇ ಹೋಗುತ್ತವೆ. ತೊಂದರೆಗಳಲ್ಲಿ ಹಲವು ಇದನ್ನು ಮರೆಯುವುದರಿಂದಲೇ ಬರುತ್ತವೆ.

ಮೊದಲು ಯಂತ್ರಕ್ಕೆ ಈ ಕೆಲಸ ಸಾಧ್ಯವೇ ಎಂದು ನೋಡಿ. ಡಾಮ್‌ಜೀರೋದಲ್ಲಿ 'ಕ್ಯೂಬ್ಸ್-ಎಚ್‌ಸಿಎಲ್-ರಿಪೋರ್ಟ್' ಓಡಿಸಿದರೆ ಎಚ್‌ವಿಎಂ, ಐ/ಒ ಎಂಎಂಯು, ರೀಮ್ಯಾಪಿಂಗ್ ಎಂಬ ಸಾಲುಗಳು ಬರುತ್ತವೆ. ಸಾಧನ ತನಗೆ ಸೇರದ ಮೆಮೊರಿಯನ್ನು ಮುಟ್ಟದಂತೆ ತಡೆಯುವ ಐ/ಒ ಎಂಎಂಯು ಎದುರು 'ಆ್ಯಕ್ಟಿವ್' ಇಲ್ಲದಿದ್ದರೆ ಮುಂದಿನ ಯಾವ ಉಪಾಯವೂ ನಡೆಯದು. ಇಂಟೆಲ್ ಯಂತ್ರದ ಬಯೋಸ್‌ನಲ್ಲಿ ವಿಟಿ-ಡಿ, ಎಎಂಡಿ ಯಂತ್ರದಲ್ಲಿ ಐಒಎಂಎಂಯು ಎಂಬ ಆಯ್ಕೆಯನ್ನು ಚಾಲೂ ಮಾಡಬೇಕು. ವರ್ಚುವಲ್ ಯಂತ್ರ ಓಡಿಸುವ ವಿಟಿ-ಎಕ್ಸ್ ಬೇರೆ, ಸಾಧನ ಒಪ್ಪಿಸಲು ಬೇಕಾದ ವಿಟಿ-ಡಿ ಬೇರೆ. ಮೊದಲನೆಯದನ್ನು ಹಾಕಿ ಎರಡನೆಯದನ್ನು ಬಿಟ್ಟವರೇ ಹೆಚ್ಚು. ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ ಇದು ಸದ್ದಿಲ್ಲದೆ ಮತ್ತೆ ಆರಿಹೋಗುವುದೂ ಉಂಟು. ನಿನ್ನೆಯವರೆಗೆ ಏಳುತ್ತಿದ್ದ ಸಿಸ್-ಯುಎಸ್‌ಬಿ ಮತ್ತು ಸಿಸ್-ನೆಟ್ (ಜಾಲ ಸಂಪರ್ಕದ ಕ್ಯೂಬ್) ಎರಡೂ ಇವತ್ತು ಒಟ್ಟಿಗೇ ಬಿದ್ದಿದ್ದರೆ ಅನುಮಾನ ಪಡಬೇಕಾದ್ದು ಇದನ್ನೇ.

ಎರಡನೆಯದು, ಯಾವ ಕಂಟ್ರೋಲರ್ ಎಂಬ ಪ್ರಶ್ನೆ. 'ಎಲ್‌ಎಸ್‌ಪಿಸಿಐ' ಕೊಟ್ಟು ಯುಎಸ್‌ಬಿ ಎಂದಿರುವ ಸಾಲುಗಳನ್ನು ಬರೆದುಕೊಳ್ಳಿ. ಇಂಟೆಲ್ ಯಂತ್ರಗಳಲ್ಲಿ 00:14.0 ಸಾಮಾನ್ಯವಾಗಿ ಎಕ್ಸ್‌ಎಚ್‌ಸಿಐ, ಅಂದರೆ ಯುಎಸ್‌ಬಿ 3ರ ಕಂಟ್ರೋಲರ್. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ ಹಳೆಯ ಥಿಂಕ್‌ಪ್ಯಾಡ್ ಎಕ್ಸ್230 ಕ್ಯೂಬ್ಸ್ ಬಳಗದಲ್ಲಿ ಹೆಸರುವಾಸಿ. ಅದರಲ್ಲಿ ಇದರ ಜೊತೆಗೆ 00:1ಎ.0 ಮತ್ತು 00:1ಡಿ.0 ಎಂಬ ಎರಡು ಇಎಚ್‌ಸಿಐ, ಅಂದರೆ ಯುಎಸ್‌ಬಿ 2ರ ಕಂಟ್ರೋಲರ್‌ಗಳೂ ಇವೆ. ಯಾವ ಪೋರ್ಟ್ ಯಾವುದರ ಕೆಳಗೆ ಎಂದು ತಿಳಿಯಲು ಸಾಧನವನ್ನು ಚುಚ್ಚಿ, 'ಎಲ್‌ಎಸ್‌ಯುಎಸ್‌ಬಿ'ಯಲ್ಲಿ ಬಸ್ ಸಂಖ್ಯೆ ನೋಡಿ. ಆಮೇಲೆ 'ರೀಡ್‌ಲಿಂಕ್ /ಸಿಸ್/ಬಸ್/ಯುಎಸ್‌ಬಿ/ಡಿವೈಸಸ್/ಯುಎಸ್‌ಬಿ3' ಎಂಬಂತೆ ಆ ಬಸ್ಸಿನ ಸಂಖ್ಯೆ ಹಾಕಿ ಕೇಳಿದರೆ ಹಾದಿಯ ನಡುವೆ ಪಿಸಿಐ ವಿಳಾಸ ಕಾಣುತ್ತದೆ. ಕಂಟ್ರೋಲರ್‌ಗಳು ಇನ್ನೂ ಡಾಮ್‌ಜೀರೋ ಕೈಯಲ್ಲಿರುವಾಗಲೇ ಇದನ್ನು ಮಾಡಬೇಕು. ಸಿಸ್-ಯುಎಸ್‌ಬಿ ಒಳಗೆ ಕೂತು ನೋಡಿದರೆ ಅದೇ ಕಂಟ್ರೋಲರ್ ಬೇರೆ ವಿಳಾಸದಲ್ಲಿ ಕಾಣಿಸುತ್ತದೆ, ಏಕೆಂದರೆ ಅಲ್ಲಿರುವ ಪಿಸಿಐ ಬಸ್ ಕೃತಕವಾದದ್ದು. ಅಲ್ಲಿನ ಸಂಖ್ಯೆಯನ್ನು ತಂದು ಡಾಮ್‌ಜೀರೋದಲ್ಲಿ ಬರೆದವರು ಸಂಬಂಧವೇ ಇಲ್ಲದ ಇನ್ನಾವುದೋ ಸಾಧನವನ್ನು ಒಪ್ಪಿಸಿ ಕೂರುತ್ತಾರೆ.

ಬರೆಯುವ ರೀತಿಯಲ್ಲೂ ಒಂದು ಎಡವಟ್ಟಿದೆ. 'ಎಲ್‌ಎಸ್‌ಪಿಸಿಐ' 00:14.0 ಎಂದು ತೋರಿಸಿದ್ದನ್ನು 'ಕ್ಯೂವಿಎಂ-ಪಿಸಿಐ' ಕೇಳುವುದು ಡಾಮ್0:00_14.0 ಎಂದು. ಬಸ್ ಸಂಖ್ಯೆಯ ನಂತರದ ಕೋಲನ್ ಹೋಗಿ ಅಂಡರ್‌ಸ್ಕೋರ್ ಬರಬೇಕು. ಕ್ಯೂಬ್ ನಿಲ್ಲಿಸಿರಬೇಕು, 'ಅಟ್ಯಾಚ್' ಜೊತೆ 'ಪರ್ಸಿಸ್ಟೆಂಟ್' ಎಂಬ ಆಯ್ಕೆ ಇರಬೇಕು.

ಇನ್ನು ಮುಖ್ಯ ವಿಷಯ. ಇನ್‌ಸ್ಟಾಲರ್ ಸಿಸ್-ಯುಎಸ್‌ಬಿ ಮಾಡುವಾಗ ಯಂತ್ರದಲ್ಲಿರುವ ಎಲ್ಲ ಯುಎಸ್‌ಬಿ ಕಂಟ್ರೋಲರ್‌ಗಳನ್ನೂ ಅದಕ್ಕೆ ಕೊಡುತ್ತದೆ. ನಾಲ್ಕರಲ್ಲಿ ಒಂದು ತಕರಾರು ಮಾಡಿದರೂ ಕ್ಯೂಬ್ ಏಳುವುದಿಲ್ಲ, ಉಳಿದ ಮೂರೂ ಕೆಟ್ಟಂತೆ ಕಾಣುತ್ತವೆ. ಆದ್ದರಿಂದ ಎಲ್ಲಕ್ಕೂ ಒಟ್ಟಿಗೆ ಆಯ್ಕೆಗಳನ್ನು ತುರುಕುವುದು ಬೇಡ. 'ಕ್ಯೂವಿಎಂ-ಪಿಸಿಐ ಡಿಟ್ಯಾಚ್'ನಿಂದ ಎಲ್ಲವನ್ನೂ ಬಿಡಿಸಿ, ಕ್ಯೂಬನ್ನು ಖಾಲಿಯಾಗಿ ಒಮ್ಮೆ ಎಬ್ಬಿಸಿ. ಹಾಗೂ ಏಳದಿದ್ದರೆ ದೋಷ ಟೆಂಪ್ಲೇಟಿನಲ್ಲೋ (ಕ್ಯೂಬ್ ತಯಾರಾಗುವ ಅಚ್ಚು) ಮೆಮೊರಿಯಲ್ಲೋ ಇದೆ, ಕಂಟ್ರೋಲರ್ ಗೊಡವೆ ಬೇಡ. ಎದ್ದರೆ ನಿಲ್ಲಿಸಿ, ಒಂದು ಕಂಟ್ರೋಲರ್ ಕೊಟ್ಟು ಎಬ್ಬಿಸಿ, ಮತ್ತೆ ನಿಲ್ಲಿಸಿ ಇನ್ನೊಂದು ಕೊಡಿ. ತಪ್ಪಿತಸ್ಥ ಸಿಕ್ಕ ಮೇಲೆ ಆ ಒಂದಕ್ಕೆ ಮಾತ್ರ ಚಿಕಿತ್ಸೆ.

ಏನು ತಪ್ಪಿತು ಎಂದು ಹೇಳುವ ಲಾಗ್‌ಗಳು ನಾಲ್ಕು ಕಡೆ ಇವೆ. '/ವಾರ್/ಲಾಗ್/ಲಿಬ್‌ವರ್ಟ್/ಲಿಬ್‌ಎಕ್ಸ್‌ಎಲ್' ಒಳಗೆ ಲಿಬ್‌ಎಕ್ಸ್‌ಎಲ್ ದಾಖಲೆಗಳು, '/ವಾರ್/ಲಾಗ್/ಝೆನ್/ಕನ್ಸೋಲ್' ಒಳಗೆ ಗೆಸ್ಟ್-ಸಿಸ್-ಯುಎಸ್‌ಬಿ ಹೆಸರಿನ ಕಡತ, ಮೂರನೆಯದು 'ಎಕ್ಸ್‌ಎಲ್ ಡಿಎಂಇಎಸ್‌ಜಿ', ನಾಲ್ಕನೆಯದು ಡಾಮ್‌ಜೀರೋ ಕರ್ನಲ್ ಲಾಗ್. ಅಲ್ಲಿ ಸಿಗುವ ಸಂದೇಶಗಳಲ್ಲಿ ನಾಲ್ಕನ್ನು ಬೇರೆಬೇರೆಯಾಗಿ ಗುರುತಿಸಬೇಕು. ಪ್ರಶ್ನೋತ್ತರದ ಉತ್ತರ ಎಲ್ಲಕ್ಕೂ ಒಂದೇ ಮದ್ದು ಕೊಟ್ಟದ್ದೇ ನಮ್ಮ ಆಕ್ಷೇಪ.

'ಅನೇಬಲ್ ಟು ರೀಸೆಟ್ ಪಿಸಿಐ ಡಿವೈಸ್… ನೋ ಎಫ್‌ಎಲ್‌ಆರ್, ಪಿಎಂ ರೀಸೆಟ್ ಆರ್ ಬಸ್ ರೀಸೆಟ್ ಅವೈಲಬಲ್' ಎಂಬುದು ಮೊದಲನೆಯದು, ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು. ಒಂದು ಸಾಧನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಹಿಂದಿನ ಸ್ಥಿತಿಯನ್ನು ಅಳಿಸಬೇಕು. ಅದಕ್ಕೆ ಮೂರು ದಾರಿಗಳಿವೆ. ಎಫ್‌ಎಲ್‌ಆರ್ ಎಂದರೆ ಆ ಒಂದು ಫಂಕ್ಷನ್ನನ್ನು ಮಾತ್ರ ಮೊದಲ ಸ್ಥಿತಿಗೆ ತರುವುದು. ಪಿಎಂ ರೀಸೆಟ್‌ನಲ್ಲಿ ಸಾಧನವನ್ನು ಡಿ3 ಎಂಬ ನಿದ್ರೆಗೆ ಇಳಿಸಿ ಎಬ್ಬಿಸಲಾಗುತ್ತದೆ. ಬಸ್ ರೀಸೆಟ್ ಆ ಬಸ್ಸಿನ ಮೇಲಿರುವ ಎಲ್ಲವನ್ನೂ ಒಮ್ಮೆಗೇ ಅಳಿಸುತ್ತದೆ, ಹಾಗಾಗಿ ಪಕ್ಕದ ಸಾಧನ ಡಾಮ್‌ಜೀರೋ ಬಳಕೆಯಲ್ಲಿದ್ದರೆ ಅದನ್ನು ಮಾಡುವಂತಿಲ್ಲ. ನಿಮ್ಮ ಕಂಟ್ರೋಲರ್‌ಗೆ ಯಾವುದಿದೆ ಎಂದು ತಿಳಿಯಲು ಸುಡೋ ಹಚ್ಚಿ 'ಎಲ್‌ಎಸ್‌ಪಿಸಿಐ -ವಿವಿ -ಎಸ್ 00:14.0' ಕೊಡಿ. ಎಫ್‌ಎಲ್‌ರೀಸೆಟ್ ಅಥವಾ ಎಫ್‌ಎಲ್‌ಆರ್ ಪಕ್ಕ ಕೂಡು ಚಿಹ್ನೆ ಇದ್ದರೆ ಮೊದಲ ದಾರಿ ಇದೆ. ಪವರ್ ಮ್ಯಾನೇಜ್‌ಮೆಂಟ್ ಸಾಲಿನಲ್ಲಿ 'ನೋಸಾಫ್ಟ್‌ರೀಸೆಟ್' ಪಕ್ಕ ಕಳೆ ಚಿಹ್ನೆ ಇದ್ದರೆ ಎರಡನೆಯದು ನಡೆಯುತ್ತದೆ, ಕೂಡು ಚಿಹ್ನೆ ಇದ್ದರೆ ಇಲ್ಲ. ಇದನ್ನು ತಿರುಗಾಮುರುಗಾ ಓದುವವರು ಬಹಳ. ಲಿನಕ್ಸ್ 5.15ರಿಂದ ಈಚೆಗೆ '/ಸಿಸ್/ಬಸ್/ಪಿಸಿಐ/ಡಿವೈಸಸ್' ಕೆಳಗೆ ಪ್ರತಿ ಸಾಧನಕ್ಕೂ 'ರೀಸೆಟ್_ಮೆಥಡ್' ಎಂಬ ಕಡತ ಸಿಗುತ್ತದೆ. ಅದನ್ನು ಓದಿದರೆ ಕರ್ನಲ್ ಒಪ್ಪಿಕೊಂಡ ದಾರಿಗಳು ನೇರವಾಗಿ ತಿಳಿಯುತ್ತವೆ.

ಎಎಂಡಿ ಯಂತ್ರಗಳ ಕಥೆ ಇಲ್ಲಿ ಬೇರೆ. ರೈಜೆನ್ 3000 ಕಾಲದ 'ಮಟಿಸ್' ಯುಎಸ್‌ಬಿ ಕಂಟ್ರೋಲರ್ ತನಗೆ ಎಫ್‌ಎಲ್‌ಆರ್ ಇದೆ ಎಂದು ಹೇಳಿಕೊಳ್ಳುತ್ತದೆ, ಮಾಡಿಸಹೊರಟರೆ ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿಯೇ ಲಿನಕ್ಸ್ 5.8ರಲ್ಲಿ ಈ ಕಂಟ್ರೋಲರ್‌ಗೆ ಎಫ್‌ಎಲ್‌ಆರ್ ಬಳಸಬಾರದು ಎಂದು ಕರ್ನಲ್‌ನಲ್ಲೇ ಬರೆಯಲಾಯಿತು. ಅಂಥ ಯಂತ್ರದಲ್ಲಿ 'ಎಲ್‌ಎಸ್‌ಪಿಸಿಐ' ಕೂಡು ಚಿಹ್ನೆ ತೋರಿಸಿದರೂ ಕರ್ನಲ್ ಆ ದಾರಿಯನ್ನು ಬಳಸುವುದಿಲ್ಲ.

ರೀಸೆಟ್ ದಾರಿ ಸಿಗದ ಕಡೆ, ರೀಸೆಟ್ ಆಗದಿದ್ದರೂ ಸಾಧನವನ್ನು ಒಪ್ಪಿಸು ಎನ್ನುವ 'ನೋ-ಸ್ಟ್ರಿಕ್ಟ್-ರೀಸೆಟ್=ಟ್ರೂ' ಎಂಬ ಆಯ್ಕೆ ಬೇಕಾಗುತ್ತದೆ. ಕ್ಯೂಬ್ ಸೆಟ್ಟಿಂಗ್ಸ್‌ನ ಡಿವೈಸಸ್ ಪುಟದಲ್ಲಿ ಇದಕ್ಕೆ ಗುಂಡಿಯೇ ಇದೆ. ಟರ್ಮಿನಲ್‌ನಲ್ಲಾದರೆ ಕಂಟ್ರೋಲರನ್ನು ಬಿಡಿಸಿ, ಆಯ್ಕೆಯನ್ನು ಸೇರಿಸಿ ಮತ್ತೆ ಒಪ್ಪಿಸಬೇಕು. ಆದರೆ ಅದರಿಂದ ಆಗುವುದೇನು? ಹಿಂದಿನ ಒಡೆಯ ಬಿಟ್ಟುಹೋದ ಸ್ಥಿತಿಯಲ್ಲೇ ಕಂಟ್ರೋಲರ್ ಹೊಸ ಒಡೆಯನಿಗೆ ಸಿಗುತ್ತದೆ. ಅದು ಬೂಟ್ ಆದಾಗಿನಿಂದ ಆರುವವರೆಗೆ ಒಂದೇ ಸಿಸ್-ಯುಎಸ್‌ಬಿ ಬಳಿ ಇರುವುದಾದರೆ ಈ ಅಪಾಯ ಚಿಕ್ಕದು, ಒಪ್ಪಿಕೊಳ್ಳಬಹುದು. ಸಿಸ್-ಯುಎಸ್‌ಬಿಯನ್ನು ಡಿಸ್ಪೋಸಬಲ್ ಮಾಡಿಕೊಂಡವರು ಮಾತ್ರ ಒಂದು ತಿಳಿದಿರಲಿ: ಕ್ಯೂಬ್ ಪ್ರತಿ ಸಲ ಹೊಸದಾಗಿ ಹುಟ್ಟಿದರೂ ಕಂಟ್ರೋಲರ್ ಹಳೆಯದೇ. ಅನುಮಾನದ ಪೆನ್‌ಡ್ರೈವ್ ಚುಚ್ಚಿದ ಮೇಲೆ ಕ್ಯೂಬನ್ನು ಮರುಚಾಲನೆ ಮಾಡಿದರೆ ಸಾಲದು, ಯಂತ್ರವನ್ನೇ ಪೂರ್ತಿ ಆರಿಸಿ ಹಚ್ಚಬೇಕು.

ನಮ್ಮಲ್ಲಿ ಇದು ಕಡತದ ಮಾತಾಗಿ ಉಳಿಯದಿರಲು ಒಂದು ಕಾರಣವಿದೆ, ಡಿಜಿಟಲ್ ಸಹಿಯ ಟೋಕನ್. ಸರ್ಕಾರಿ ಟೆಂಡರ್, ತೆರಿಗೆ, ಕಂಪನಿ ಕಡತಗಳ ಕೆಲಸದಲ್ಲಿ ಹಲವು ಕಡೆ ಆ ಪುಟ್ಟ ಯುಎಸ್‌ಬಿ ಟೋಕನ್ ಬೇಕು. ಸಹಿ ಮಾಡುವ ತಂತ್ರಾಂಶ ವಿಂಡೋಸ್‌ನಲ್ಲಿ ಚೆನ್ನಾಗಿ ಓಡುತ್ತದೆಂದು ಹಲವರು ವಿಂಡೋಸ್ ಕ್ಯೂಬ್ ಇಟ್ಟುಕೊಳ್ಳುತ್ತಾರೆ. ಒಂದೊಂದೇ ಯುಎಸ್‌ಬಿ ಸಾಧನವನ್ನು ಕ್ಯೂಬ್‌ಗೆ ದಾಟಿಸುವ ಕ್ಯೂಬ್ಸ್-ಯುಎಸ್‌ಬಿ-ಪ್ರಾಕ್ಸಿ ಲಿನಕ್ಸ್ ಕ್ಯೂಬ್‌ಗಳಲ್ಲಿ ಕೆಲಸ ಮಾಡುತ್ತದೆ, ವಿಂಡೋಸ್‌ನಲ್ಲಿ ಇಲ್ಲ. ಆಗ ಅವರು ಇಡೀ ಕಂಟ್ರೋಲರನ್ನು ಸಿಸ್-ಯುಎಸ್‌ಬಿಯಿಂದ ಬಿಡಿಸಿ ವಿಂಡೋಸ್‌ಗೆ ಕೊಡುತ್ತಾರೆ, ಕೆಲಸ ಮುಗಿದ ಮೇಲೆ ವಾಪಸ್. ಸ್ಟ್ರಿಕ್ಟ್ ರೀಸೆಟ್ ತೆಗೆದ ಯಂತ್ರದಲ್ಲಿ ಮಾಡಲೇಬಾರದ ಕೆಲಸ ಇದೇ. ಮೊದಲು ಲಿನಕ್ಸ್ ಕ್ಯೂಬ್‌ನಲ್ಲಿ ಪ್ರಯತ್ನಿಸಿ. ಬಳಕೆಯಲ್ಲಿರುವ ಇಪಾಸ್2003ರಂಥ ಟೋಕನ್‌ಗಳಿಗೆ ಲಿನಕ್ಸ್ ಚಾಲಕವೂ ಇದೆ. ಸಹಿ ಮಾಡುವ ಕ್ಯೂಬಿನ ಟೆಂಪ್ಲೇಟಿನಲ್ಲಿ ಕ್ಯೂಬ್ಸ್-ಯುಎಸ್‌ಬಿ-ಪ್ರಾಕ್ಸಿ ಪ್ಯಾಕೇಜ್ ಇರಬೇಕು (ಮಿನಿಮಲ್ ಟೆಂಪ್ಲೇಟಿನಲ್ಲಿ ಇರುವುದಿಲ್ಲ, ನಾವೇ ಹಾಕಬೇಕು). ಚಾಲಕವೂ ಆ ಕ್ಯೂಬ್‌ನಲ್ಲೇ ಇರಬೇಕು, ಸಿಸ್-ಯುಎಸ್‌ಬಿಯಲ್ಲಿ ಅಲ್ಲ. 'ಕ್ಯೂವಿಎಂ-ಯುಎಸ್‌ಬಿ'ಯ ಪಟ್ಟಿಯಲ್ಲಿ ಟೋಕನ್ 'ಸಿಸ್-ಯುಎಸ್‌ಬಿ:2-1' ಎಂಬಂತೆ ಕಾಣುತ್ತದೆ, ಅದನ್ನು ಅಟ್ಯಾಚ್ ಮಾಡಿದರೆ ಆಯಿತು. ವಿಂಡೋಸ್ ಬಿಟ್ಟು ಗತಿಯೇ ಇಲ್ಲ ಎನ್ನುವವರು ಡೆಸ್ಕ್‌ಟಾಪಿಗೆ ಇನ್ನೊಂದು ಪಿಸಿಐಇ ಯುಎಸ್‌ಬಿ ಕಾರ್ಡ್ ಹಾಕಿ, ಅದನ್ನು ಖಾಯಂ ಆಗಿ ವಿಂಡೋಸ್ ಕ್ಯೂಬ್‌ಗೇ ಬಿಟ್ಟುಕೊಡಲಿ. ರೆನೆಸಾಸ್‌ನ ಯುಪಿಡಿ720201 ಚಿಪ್ ಇರುವ ಕಾರ್ಡ್‌ಗೆ ನಾಲ್ಕು ಪೋರ್ಟ್, 720202ಗೆ ಎರಡು. ಯಾವುದನ್ನು ಕೊಂಡರೂ ಹಿಂದಿರುಗಿಸುವ ಅವಧಿಯೊಳಗೆ 'ರೀಸೆಟ್_ಮೆಥಡ್' ಕಡತ ನೋಡಿಬಿಡಿ. ಲ್ಯಾಪ್‌ಟಾಪಿನವರಿಗೆ ಈ ಅನುಕೂಲ ಬಹುಮಟ್ಟಿಗೆ ಇಲ್ಲ. ಈಚಿನ ಅನೇಕ ಮಾದರಿಗಳಲ್ಲಿ ಎಲ್ಲ ಪೋರ್ಟುಗಳೂ ಒಂದೇ ಕಂಟ್ರೋಲರ್ ಕೆಳಗೆ ಇರುತ್ತವೆ.

ಎರಡನೆಯ ಸಂದೇಶ 'ಎಕ್ಸ್‌ಎಲ್ ಡಿಎಂಇಎಸ್‌ಜಿ'ಯಲ್ಲಿ ಸಿಗುವ 'ಶೇರ್ಡ್ ಆರ್‌ಎಂಆರ್‌ಆರ್'. ಬಯೋಸ್ ಕೆಲವು ಯುಎಸ್‌ಬಿ ಕಂಟ್ರೋಲರ್‌ಗಳಿಗೆಂದು ಮೆಮೊರಿಯ ಒಂದು ತುಂಡನ್ನು ಕಾದಿಟ್ಟಿರುತ್ತದೆ. ಹಳೆಯ ಕಾಲದ ಕೀಲಿಮಣೆಯಂತೆ ಯುಎಸ್‌ಬಿ ಕೀಲಿಮಣೆಯನ್ನು ತೋರಿಸಲು ಅದು ಬೇಕಾಗುತ್ತದೆ. ಎರಡು ಕಂಟ್ರೋಲರ್‌ಗಳಿಗೆ ಒಂದೇ ತುಂಡು ಹಂಚಿಕೆಯಾಗಿದ್ದರೆ ಅವನ್ನು ಕೊಡಲು ಝೆನ್ ಒಪ್ಪುವುದಿಲ್ಲ. ಇಲ್ಲಿ ಸ್ಟ್ರಿಕ್ಟ್ ರೀಸೆಟ್ ತೆಗೆದರೆ ಎಳ್ಳಷ್ಟೂ ಪ್ರಯೋಜನವಿಲ್ಲ, ಕಾಯಿಲೆಯೇ ಬೇರೆ. ಬಯೋಸ್‌ನಲ್ಲಿ ಲೆಗಸಿ ಯುಎಸ್‌ಬಿ ಸಪೋರ್ಟ್ ಆರಿಸಿದರೆ ಕೆಲವು ಯಂತ್ರಗಳಲ್ಲಿ ಇದು ಹೋಗುತ್ತದೆ. ಆದರೆ ಹಾಗೆ ಮಾಡಿದಾಗ ಬೂಟ್ ಮೆನುವಿನಲ್ಲಿ ಯುಎಸ್‌ಬಿ ಕೀಲಿಮಣೆ ಸತ್ತಂತಾಗಬಹುದು, ಆದ್ದರಿಂದ ಪಿಎಸ್/2 (ಹಳೆಯ ದುಂಡು ಪಿನ್ನಿನ) ಕೀಲಿಮಣೆ ಕೈಯಲ್ಲಿಟ್ಟುಕೊಂಡೇ ಮುಟ್ಟಿ.

ಮೂರನೆಯದು ಡಾಮ್‌ಜೀರೋ ಕರ್ನಲ್ ಲಾಗ್‌ನಲ್ಲಿ ಬರುವ ಪಿಸಿಐಬ್ಯಾಕ್ (ಪಿಸಿಐ ಸಾಧನವನ್ನು ಕ್ಯೂಬ್‌ಗೆ ದಾಟಿಸುವ ಡಾಮ್‌ಜೀರೋ ಚಾಲಕ) ಎಚ್ಚರಿಕೆ: ಕ್ಯೂಬಿನ ಚಾಲಕವು ಓದಲಷ್ಟೇ ಅವಕಾಶವಿರುವ ಕಾನ್ಫಿಗರೇಷನ್ ಜಾಗದಲ್ಲಿ (ಸಾಧನದ ಹೊಂದಿಕೆಗಳಿರುವ ಜಾಗ) ಬರೆಯಲು ಹೋಯಿತು, ಇದರಿಂದ ತೊಂದರೆ ಆಗದೆಯೂ ಇರಬಹುದು ಎಂದು ಅದೇ ಹೇಳುತ್ತದೆ. ಪರ್ಮಿಸಿವ್ ಆಯ್ಕೆ ಇರುವುದು ಈ ತಡೆಯನ್ನು ತೆಗೆಯಲು. ಈ ಎಚ್ಚರಿಕೆ ಬಂದು, ಜೊತೆಗೆ ಸಾಧನವೂ ಕೆಲಸ ಮಾಡದಿದ್ದರೆ ಮಾತ್ರ ಅದರ ಪ್ರಶ್ನೆ. ನಂಬಲಾಗದ ಕ್ಯೂಬ್‌ಗೆ ಸಾಧನದ ಕಾನ್ಫಿಗರೇಷನ್ ಪೂರ್ತಿ ಬರೆಯುವ ಅಧಿಕಾರ ಕೊಡುವುದು ಸಣ್ಣ ಮಾತಲ್ಲ. ಎಕ್ಸ್230ರ ಕಾಲದ ಇಂಟೆಲ್ ಚಿಪ್‌ಸೆಟ್ಟಿನಲ್ಲಿ ಒಂದು ಸ್ವಾರಸ್ಯವಿದೆ. ಒಂದೇ ಪೋರ್ಟನ್ನು ಇಎಚ್‌ಸಿಐನಿಂದ ಎಕ್ಸ್‌ಎಚ್‌ಸಿಐಗೆ ತಿರುಗಿಸುವ ಸ್ವಿಚ್ ಇರುವುದು ಇದೇ ಕಾನ್ಫಿಗರೇಷನ್ ಜಾಗದಲ್ಲಿ. ಅಲ್ಲಿ ಬರೆಯಲು ತಡೆ ಬಿದ್ದರೆ ಪೋರ್ಟ್ ಯುಎಸ್‌ಬಿ 2ರ ವೇಗದಲ್ಲೇ ಉಳಿಯಬಹುದು. ಅಂಥ ಹೊತ್ತಿನಲ್ಲಿ ವೇಗ ಬಿಟ್ಟುಕೊಡುವುದೇ ಲೇಸು. ಇದೇ ಕಾರಣಕ್ಕೆ ಈ ಯಂತ್ರಗಳಲ್ಲಿ ಮೂರೂ ಕಂಟ್ರೋಲರ್‌ಗಳು ಸಿಸ್-ಯುಎಸ್‌ಬಿಯಲ್ಲೇ ಇರಬೇಕು. ಒಂದನ್ನು ಡಾಮ್‌ಜೀರೋದಲ್ಲಿ ಉಳಿಸಿದರೆ ಯಾವ ಪೋರ್ಟ್ ಯಾವಾಗ ಯಾರ ಕಡೆ ತೆರೆದುಕೊಂಡಿದೆ ಎಂಬ ಖಾತರಿ ಇರುವುದಿಲ್ಲ.

ನಾಲ್ಕನೆಯದು ಸರಳ: ಸಾಧನ ಇಲ್ಲ ಎಂಬ ದೂರು. ಹೊಸ ಎನ್‌ವಿಎಂಇ ಡಿಸ್ಕ್ ಅಥವಾ ಕಾರ್ಡ್ ಹಾಕಿದಾಗ, ಬಯೋಸ್ ಬದಲಾದಾಗ ಪಿಸಿಐ ಸಂಖ್ಯೆಗಳು ಸರಿಯಬಹುದು. ಥಂಡರ್‌ಬೋಲ್ಟ್‌ನ ಯುಎಸ್‌ಬಿ ಕಂಟ್ರೋಲರ್ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಏನಾದರೂ ಚುಚ್ಚಿದಾಗಷ್ಟೇ ಕಾಣಿಸಿಕೊಳ್ಳುತ್ತದೆ. ಹಳೆಯ ವಿಳಾಸ ಬಿಡಿಸಿ, ಹೊಸದನ್ನು ಒಪ್ಪಿಸಿ. ಸಿಸ್-ನೆಟ್ ವಿಳಾಸವನ್ನೂ ಅದೇ ಹೊತ್ತಿಗೆ ನೋಡಿ, ಅದೂ ಸರಿದಿರಬಹುದು.

ಇನ್ನು ಕೀಲಿಮಣೆ ಕಳೆದುಕೊಳ್ಳುವ ಪ್ರಸಂಗ. ಪಿಎಸ್/2 ಇಲ್ಲದ ಡೆಸ್ಕ್‌ಟಾಪಿನಲ್ಲಿ ಇದು ಯಾವತ್ತಾದರೂ ಎದುರಾಗುತ್ತದೆ. ಸಿಸ್-ಯುಎಸ್‌ಬಿ ಇದ್ದಾಗ ಸಾಮಾನ್ಯವಾಗಿ ಬೂಟ್ ಸಾಲಿನಲ್ಲಿ 'ಆರ್‌ಡಿ.ಕ್ಯೂಬ್ಸ್.ಹೈಡ್_ಆಲ್_ಯುಎಸ್‌ಬಿ' ಎಂಬುದಿರುತ್ತದೆ. ಅದು ಡಾಮ್‌ಜೀರೋ ಏಳುವ ಮೊದಲ ಕ್ಷಣದಿಂದಲೇ ಎಲ್ಲ ಯುಎಸ್‌ಬಿಯನ್ನು ಮರೆಮಾಡುತ್ತದೆ. ಡಿಸ್ಕ್ ಪಾಸ್‌ವರ್ಡ್ ಕೇಳುವ ಹೊತ್ತಿಗೆ ಸಿಸ್-ಯುಎಸ್‌ಬಿ ಇನ್ನೂ ಎದ್ದಿರುವುದಿಲ್ಲ, ಹಾಗಾಗಿ ಪಾಸ್‌ವರ್ಡ್ ಹೊಡೆಯಲು ಕೀಲಿಮಣೆಯೇ ಇಲ್ಲ. ಗ್ರಬ್ (ವ್ಯವಸ್ಥೆಯನ್ನು ಎಬ್ಬಿಸುವ ಬೂಟ್ ಲೋಡರ್) ಮೆನುವಿನಲ್ಲಿ ಕೀಲಿ ಓಡುತ್ತಿದ್ದು ಪಾಸ್‌ವರ್ಡ್ ಪರದೆಯಲ್ಲಿ ಸತ್ತರೆ ಕೀಲಿಮಣೆ ಕೆಟ್ಟಿಲ್ಲ, ಗ್ರಬ್‌ನಲ್ಲಿ ಅದನ್ನು ಓಡಿಸುತ್ತಿದ್ದುದು ಫರ್ಮ್‌ವೇರ್. ಗ್ರಬ್‌ನಲ್ಲಿ 'ಇ' ಒತ್ತಿ, ವಿಎಂಲಿನುಝ್ ಇರುವ ಸಾಲಿನಿಂದ ಆ ಪದವನ್ನು ಅಳಿಸಿ, ಸಾಲಿನ ಕೊನೆಗೆ 'ಕ್ಯೂಬ್ಸ್.ಸ್ಕಿಪ್_ಆಟೋಸ್ಟಾರ್ಟ್' ಸೇರಿಸಿ, ಎಫ್10 ಒತ್ತಿ. ಸಿಸ್-ಯುಎಸ್‌ಬಿ ಏಳದೆ ಒಳಗೆ ಹೋಗಬಹುದು. ಇದು ಆ ಒಂದು ಸಲದ ಮಟ್ಟಿಗೆ. ಖಾಯಂ ಬದಲಾವಣೆಗೆ '/ಇಟಿಸಿ/ಡಿಫಾಲ್ಟ್/ಗ್ರಬ್' ತಿದ್ದಿ 'ಗ್ರಬ್2-ಎಂಕೆಕಾನ್ಫಿಗ್' ಓಡಿಸಬೇಕು. ಎರಡು ಕಂಟ್ರೋಲರ್ ಇದ್ದವರಿಗೆ (ಮೇಲೆ ಹೇಳಿದ ಎಕ್ಸ್230 ಕಾಲದ ಯಂತ್ರಗಳನ್ನು ಬಿಟ್ಟು) ಇದಕ್ಕಿಂತ ಉತ್ತಮ ದಾರಿಯಿದೆ. 'ಆರ್‌ಡಿ.ಕ್ಯೂಬ್ಸ್.ಡಾಮ್0_ಯುಎಸ್‌ಬಿ=' ಎಂದು ಒಂದರ ವಿಳಾಸ ಕೊಟ್ಟರೆ ಅದು ಮಾತ್ರ ಡಾಮ್‌ಜೀರೋದಲ್ಲಿ ಉಳಿಯುತ್ತದೆ. ಅದರ ಪೋರ್ಟುಗಳಿಗೆ ಕೀಲಿಮಣೆ ಬಿಟ್ಟು ಬೇರೇನನ್ನೂ ಚುಚ್ಚಬಾರದು, ಟೇಪ್ ಅಂಟಿಸಿದರೂ ಸರಿಯೇ.

ಸಿಸ್-ಯುಎಸ್‌ಬಿ ಮೂಲಕವೇ ಕೀಲಿಮಣೆ ಬರಬೇಕೆಂದರೆ 'ಕ್ಯೂಬ್ಸ್‌ಸಿಟಿಎಲ್ ಸ್ಟೇಟ್.ಎಸ್‌ಎಲ್‌ಎಸ್ ಕ್ಯೂವಿಎಂ.ಯುಎಸ್‌ಬಿ-ಕೀಬೋರ್ಡ್' ಎಂಬ ಆದೇಶ ಅದನ್ನೆಲ್ಲ ಹೊಂದಿಸಿಕೊಡುತ್ತದೆ. ಆಗ ನೀವು ಹೊಡೆಯುವ ಪ್ರತಿ ಪಾಸ್‌ವರ್ಡೂ ಸಿಸ್-ಯುಎಸ್‌ಬಿ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಒಪ್ಪಿಕೊಂಡೇ ಮಾಡಬೇಕು. ಬಹುತೇಕ ಲ್ಯಾಪ್‌ಟಾಪ್‌ಗಳ ಒಳಗಿನ ಕೀಲಿಮಣೆ ಯುಎಸ್‌ಬಿ ಅಲ್ಲ, ಅವರಿಗೆ ಈ ತಾಪತ್ರಯವಿಲ್ಲ.

ಎದ್ದ ಸಿಸ್-ಯುಎಸ್‌ಬಿ ಲ್ಯಾಪ್‌ಟಾಪ್ ನಿದ್ರೆಯಿಂದ ಬಂದ ಮೇಲೆ ಏನನ್ನೂ ಗುರುತಿಸದಿದ್ದರೆ ಚಾಲಕವನ್ನು ನಿದ್ರೆಗೆ ಮುನ್ನ ಇಳಿಸಿ, ಎದ್ದ ಮೇಲೆ ಏರಿಸಬೇಕು. '/ಆರ್‌ಡಬ್ಲ್ಯು/ಕಾನ್ಫಿಗ್/ಸಸ್ಪೆಂಡ್-ಮಾಡ್ಯೂಲ್-ಬ್ಲ್ಯಾಕ್‌ಲಿಸ್ಟ್' ಎಂಬ ಕಡತದಲ್ಲಿ ಎಕ್ಸ್‌ಎಚ್‌ಸಿಐ_ಪಿಸಿಐ ಎಂದು ಒಂದು ಸಾಲು ಬರೆದರೆ ಅದು ತಾನಾಗಿ ನಡೆಯುತ್ತದೆ. ಡಿಸ್ಪೋಸಬಲ್ ಆಗಿದ್ದರೆ ಅದನ್ನು ಬರೆಯಬೇಕಾದ್ದು ಅದರ ಡಿಸ್ಪೋಸಬಲ್ ಟೆಂಪ್ಲೇಟಿನಲ್ಲಿ. ಸಿಸ್-ಯುಎಸ್‌ಬಿಯಲ್ಲೇ ಬರೆದರೆ ಮುಂದಿನ ಸಲಕ್ಕೆ ಅಳಿಸಿಹೋಗಿರುತ್ತದೆ. ಪಿಸಿಐ ಸಾಧನವಿರುವ ಕ್ಯೂಬ್‌ಗೆ ಮೆಮೊರಿ ಬ್ಯಾಲೆನ್ಸಿಂಗ್ ಇರಕೂಡದು, ಆರಂಭದ ಮೆಮೊರಿಯೇ ಕೊನೆಯವರೆಗೂ. ಕಂಟ್ರೋಲರ್ ನಾಲ್ಕೈದು ಇದ್ದು ಕ್ಯೂಬ್ ಅರ್ಧದಲ್ಲಿ ಬೀಳುತ್ತಿದ್ದರೆ ಆ ಮೆಮೊರಿಯನ್ನು 500 ಎಂಬಿಗೆ ಏರಿಸಿ ನೋಡಿ.

ಕ್ಯೂಬ್ಸನ್ನೇ ಹೊರಗಿನ ಯುಎಸ್‌ಬಿ ಡಿಸ್ಕ್‌ನಲ್ಲಿ ಹಾಕಿಕೊಂಡವರಿಗೆ ಮಾತ್ರ ನಿಮ್ಮ ಉತ್ತರದ ಮೂರನೆಯ ಸಲಹೆ ಸ್ವಲ್ಪ ಅನ್ವಯಿಸುತ್ತದೆ. ವ್ಯವಸ್ಥೆ ಕೂತಿರುವ ಕಂಟ್ರೋಲರನ್ನು ಸಿಸ್-ಯುಎಸ್‌ಬಿಗೆ ಕೊಡಲು ಆಗುವುದೇ ಇಲ್ಲ. ಅವರೂ ಕ್ಯೂಬನ್ನು ಅಳಿಸುವ ಬದಲು ಆ ಒಂದು ಕಂಟ್ರೋಲರನ್ನು ಬಿಟ್ಟು ಉಳಿದವನ್ನು ಅದಕ್ಕೆ ಕೊಡಬಹುದು.

ಪ್ರಶ್ನೆ ಕೇಳಿದ ಓದುಗರು ತಮ್ಮ ಯಂತ್ರದ ಮಾದರಿ, ಯುಎಸ್‌ಬಿ ಎಂದಿರುವ 'ಎಲ್‌ಎಸ್‌ಪಿಸಿಐ' ಸಾಲುಗಳು ಹಾಗೂ ಲಾಗ್‌ನಲ್ಲಿ ಕಂಡ ನಿಖರ ಸಂದೇಶ ಇವಿಷ್ಟನ್ನು ಬರೆದು ಕಳಿಸಿದರೆ ಮೇಲಿನ ನಾಲ್ಕರಲ್ಲಿ ಅವರದು ಯಾವುದೆಂದು ಹೇಳಬಹುದು. ಅದನ್ನು ಮುಂದಿನ ಪ್ರಶ್ನೋತ್ತರದಲ್ಲಿ ಪ್ರಕಟಿಸಲು ಕೋರಿಕೆ.

ಇತಿ,
ಮುಕ್ತ ತಂತ್ರಾಂಶ ಬಳಕೆದಾರರು, ಬೆಂಗಳೂರು